ಗಾಳಿ ‘ತೃಪ್ತಿಕರ’ ಎನ್ನುತ್ತದೆ ಆ್ಯಪ್, ಮಗಳ ಕೆಮ್ಮು ಮಾತ್ರ ನಿಂತಿಲ್ಲ

ಪ್ರಶ್ನೆ:
ಬೆಂಗಳೂರಿನ ಸಿಲ್ಕ್ ಬೋರ್ಡ್ ಸಮೀಪದ ನಮ್ಮ ಮನೆಯಿಂದ ಎಂಟು ವರ್ಷದ ಮಗಳನ್ನು ದಿನವೂ ಸ್ಕೂಟರಿನಲ್ಲಿ ಶಾಲೆಗೆ ಕರೆದೊಯ್ಯುತ್ತೇನೆ. ದಾರಿಯ ಸಿಗ್ನಲ್‌ಗಳಲ್ಲೇ ಇಪ್ಪತ್ತು ನಿಮಿಷ ಕಳೆಯುತ್ತದೆ. ಅವಳಿಗೆ ಉಬ್ಬಸವಿದೆಯೆಂದು ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಆದರೆ ಆ್ಯಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ 80ರ ಆಸುಪಾಸಿನಲ್ಲಿದ್ದು, ‘ತೃಪ್ತಿಕರ’ ಎಂದೇ ಕಾಣಿಸುತ್ತದೆ. ಹಾಗಿದ್ದಮೇಲೆ ವಾಹನಗಳ ಹೊಗೆಯನ್ನು ದೂರುವುದು ಸರಿಯೇ?

ಉತ್ತರ 1:
ಆ ಪದವನ್ನು ನಂಬಿ ನಿಶ್ಚಿಂತರಾಗಬೇಡಿ. ನಮ್ಮ ಸೂಚ್ಯಂಕದಲ್ಲಿ ಪಿಎಂ 2.5 (ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸೂಕ್ಷ್ಮವಾದ) ಕಣಗಳು ಘನ ಮೀಟರಿಗೆ 60 ಮೈಕ್ರೋಗ್ರಾಂವರೆಗೆ ಇದ್ದರೂ ‘ತೃಪ್ತಿಕರ’ವೇ, ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ದಿನದ ಮಿತಿ ಕೇವಲ 15. ಅದಲ್ಲದೆ ಕಣಗಳ ಲೆಕ್ಕ 24 ಗಂಟೆಗಳ ಸರಾಸರಿಯಾದ್ದರಿಂದ, ಬೆಳಗಿನ ಎಂಟೂವರೆಗೆ ಬಸ್ಸಿನ ಹಿಂದೆ ನಿಂತ ಮಗು ಉಸಿರಾಡುವ ಗಾಳಿ ಅದರಲ್ಲಿ ಕರಗಿಹೋಗುತ್ತದೆ.

ಉತ್ತರ 2:
ಎಲ್ಲವನ್ನೂ ವಾಹನಗಳ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಏಪ್ರಿಲ್ 2020ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಗಿ ಇಂಧನದ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಭಾಗ) 10ಕ್ಕೆ ಇಳಿದಿದೆ. ಕಟ್ಟಡ ಕಾಮಗಾರಿಯ ಧೂಳನ್ನೂ, ನಮ್ಮೂರಿನ ಪರಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಉತ್ತರ 3:
ನಾನು ಶ್ವಾಸಕೋಶ ವೈದ್ಯ. ಉಬ್ಬಸಕ್ಕೆ ಧೂಳು, ಪರಾಗಗಳೂ ಕಾರಣವಾಗುತ್ತವೆ ಎಂಬುದು ನಿಜ. ಒಂದು ಮಗುವಿನ ಕಾಯಿಲೆಗೆ ಇಂಥದ್ದೇ ಕಾರಣವೆಂದು ದೂರದಿಂದ ಹೇಳಲಾಗದು. ಆದರೆ ಹೊಸ ನಿಯಮ ಹೊಸ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಲಾರಿ, ಟೆಂಪೊಗಳು ಇನ್ನೂ ರಸ್ತೆಯಲ್ಲಿವೆ, ಬ್ರೇಕ್ ಮತ್ತು ಟೈರು ಸವೆದು ಏಳುವ ಕಣಗಳನ್ನಂತೂ ಯಾವ ಸೈಲೆನ್ಸರೂ ತಡೆಯುವುದಿಲ್ಲ. ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳಗಳನ್ನು ಕೆರಳಿಸಿ ಉಬ್ಬಸವನ್ನು ಹೆಚ್ಚಿಸುತ್ತದೆ. ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅವುಗಳಲ್ಲಿ ಅತಿ ಸಣ್ಣವು ರಕ್ತಕ್ಕೂ ಸೇರುವುದರಿಂದ ದೊಡ್ಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನೂ ಏರಿಸುತ್ತವೆ. ಡೀಸೆಲ್ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ವರ್ಗೀಕರಿಸಿದೆ. ಮಕ್ಕಳು ದೇಹತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ, ಜೊತೆಗೆ ಅವರ ಮೂಗು ಸೈಲೆನ್ಸರಿನ ಎತ್ತರಕ್ಕೆ ನಮ್ಮದಕ್ಕಿಂತ ಹತ್ತಿರದಲ್ಲಿರುತ್ತದೆ.

ಸಾಧ್ಯವಾದರೆ ಒಳರಸ್ತೆಯಲ್ಲಿ ಹೋಗಿ, ಸಿಗ್ನಲ್‌ನಲ್ಲಿ ಬಸ್ಸು ಲಾರಿಗಳ ಹಿಂದೆ ನಿಲ್ಲಬೇಡಿ. ಎನ್95 ಮಾಸ್ಕ್ ಕಣಗಳನ್ನು ತಡೆದರೂ ಅನಿಲಗಳನ್ನು ತಡೆಯದು, ಮಕ್ಕಳ ಮುಖಕ್ಕೆ ಸರಿಯಾಗಿ ಕೂರುವುದೂ ಕಷ್ಟ. ಕೆಮ್ಮು ಕಡಿಮೆಯಾಯಿತೆಂದು ಇನ್‌ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಳರಸ್ತೆಯಲ್ಲಿ ಹೋದರೆ ಒಂದೂವರೆ ಕಿಲೋಮೀಟರ್ ಹೆಚ್ಚಾಗುತ್ತದೆ, ಆದರೂ ಸೋಮವಾರದಿಂದ ಆ ದಾರಿಯನ್ನೇ ಹಿಡಿದು, ಕೆಮ್ಮು ಬಂದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ವೈದ್ಯರಿಗೆ ತೋರಿಸುತ್ತೇನೆ.