ಬಂದೂಕಿನ ‘ಬೋಲ್ಟ್’: ಚಿಲಕವೋ, ಅಗುಳಿಯೋ?

ಗೆಳೆಯರೇ,

ಮೊದಲನೇ ಮಹಾಯುದ್ಧದ ಬಗ್ಗೆ ಒಬ್ಬರು ಮಾಡಿರುವ ಅನುವಾದದ ಕರಡು ತಿದ್ದುತ್ತಿದ್ದೇನೆ. ಒಂದು ಕಡೆ ‘ಸಿಪಾಯಿ ಬೋಲ್ಟ್ ಬಿಚ್ಚಿ ಮತ್ತೆ ಗುಂಡು ಹಾರಿಸಿದ’ ಎಂದಿದೆ. ಓದಿದ ತಕ್ಷಣ ನನ್ನ ಕಣ್ಣಿಗೆ ಬಂದವನು ಕಂದಕದಲ್ಲಿ ಸ್ಪ್ಯಾನರ್ ಹಿಡಿದು ಕೂತ ಸಿಪಾಯಿ!

ತಪ್ಪು ಅನುವಾದಕರದ್ದಲ್ಲ. ಕನ್ನಡದಲ್ಲಿ ಬೋಲ್ಟು ಅಂದರೆ ನಟ್ಟು-ಬೋಲ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಸುಮ್ನೆ ‘ಬೋಲ್ಟ್ ಕೊಡಿ’ ಅನ್ನಿ, ‘ಎಷ್ಟು ಎಂಎಂ ಸಾರ್, ವಾಷರ್ ಬೇಕಾ?’ ಅಂತಾರೆ. ಬಾಗಿಲಿಗೆ ಅಂದರೆ ಮಾತ್ರ ‘ಟವರ್ ಬೋಲ್ಟಾ, ಆಲ್ಡ್ರಾಪಾ?’ ಎನ್ನುವ ಪ್ರಶ್ನೆ ಬರುತ್ತದೆ. ಇಂಗ್ಲಿಷಿನಲ್ಲೂ ಈ ಪದ ಊರೆಲ್ಲಾ ಸುತ್ತಿದೆ. ಅಡ್ಡಬಿಲ್ಲಿನ ಗಿಡ್ಡ ಬಾಣಕ್ಕೂ ಅದೇ ಹೆಸರು, ಸಿಡಿಲಿಗೂ ಅದೇ.

ಬಂದೂಕಿನಲ್ಲಿ ಅದು ಮಾಡುವ ಕೆಲಸ ನೋಡಿ. ನಳಿಗೆಯ ಹಿಂದೆ ಜಾರುವ ಒಂದು ಉಕ್ಕಿನ ಕಂಬಿ, ಪಕ್ಕಕ್ಕೆ ಹಿಡಿ. ಹಿಡಿ ಎತ್ತಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾದ ಚಿಪ್ಪು ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಕೆಳಗಿಂದ ಹೊಸ ತೋಟಾ ನಳಿಗೆಯೊಳಗೆ ಹೋಗುತ್ತದೆ. ಹಿಡಿ ಇಳಿಸಿದಾಗ ಕಂಬಿ ತಿರುಗಿ, ಅದರ ಮೈಮೇಲಿನ ಉಬ್ಬುಗಳು ಬಂದೂಕಿನ ಒಳಗಿನ ಕಚ್ಚುಗಳಲ್ಲಿ ಕೂರುತ್ತವೆ. ಸಿಡಿದಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು ಮೂರು ಸಾವಿರ ಪಟ್ಟು. ಅದು ಹಿಂದಕ್ಕೆ, ಅಂದರೆ ಹೊಡೆಯುವವನ ಮುಖಕ್ಕೇ ಬರದ ಹಾಗೆ ತಡೆಯುವುದು ಆ ಉಬ್ಬುಗಳು. ಮೊಳೆಯ ಹಾಗೆ ಕುಟ್ಟಿ ತೋಟಾ ಸಿಡಿಸುವ ಸೂಜಿಯೂ ಇದೇ ಕಂಬಿಯ ಹೊಟ್ಟೆಯಲ್ಲಿದೆ.

ಈಗ ನಿಮ್ಮ ಮನೆಯ ಆಲ್ಡ್ರಾಪ್ ನೆನಪು ಮಾಡಿಕೊಳ್ಳಿ. ಎತ್ತು, ಎಳೆ, ತಳ್ಳು, ಇಳಿಸು. ಅದೇ ಅಲ್ವಾ? ಕಳೆದ ವಾರ ನಮ್ಮ ಮಹಡಿ ಬಾಗಿಲಿಗೆ ಬಡಗಿ ಹೊಸದು ಹಾಕಿ ನಾಲ್ಕು ಸಲ ಆಡಿಸಿ ತೋರಿಸಿದರು. ಖಟಕ್, ಸರ್ರ್, ಖಟಕ್. ನನ್ನ ಎನ್‌ಸಿಸಿ ದಿನಗಳೇ ಬಂದು ನಿಂತವು. ಅಲ್ಲಿ ಆಜ್ಞೆ ಹಿಂದಿಯಲ್ಲಿ: ‘ಬೋಲ್ಟ್ ಚಲಾ’. ಅವರೂ ಪದ ಬದಲಿಸುವ ಗೋಜಿಗೆ ಹೋಗಿಲ್ಲ.

‘ಚಿಲಕ’ ಎಲ್ಲರಿಗೂ ಗೊತ್ತು, ಅದೇ ಅದರ ಬಲ. ಆದರೆ ಚಿಲಕ ಅಂದರೆ ಹಳೇ ಮನೆಗಳಲ್ಲಿ ಬಾಗಿಲ ಮೇಲ್ಗಡೆ ಕೊಂಡಿಗೆ ಸಿಕ್ಕಿಸುವ ಸರಪಳಿಯೂ ಆಗಬಹುದು. ಜಾರುವುದು, ತಿರುಗುವುದು ಅದರ ಅರ್ಥದಲ್ಲಿಲ್ಲ. ‘ಅಗುಳಿ’ ಹಾಗಲ್ಲ. ನಮ್ಮಜ್ಜಿ ‘ಅಗಳಿ’ ಅಂತಿದ್ದರು. ಗೋಡೆಯ ತೂತಿನಿಂದ ಎಳೆದು ಬಾಗಿಲಿಗೆ ಅಡ್ಡ ತಳ್ಳುವ ಮರದ ತೊಲೆ. ಸಂಸ್ಕೃತದ ಅರ್ಗಲದಿಂದ ಬಂದದ್ದು. ದುರ್ಗಾ ಸಪ್ತಶತಿಯ ಜೊತೆ ಹೇಳುವ ಅರ್ಗಲಾ ಸ್ತೋತ್ರದಲ್ಲಿರುವುದೂ ಇದೇ ಅಗುಳಿ. ಹೊರಗಿಂದ ಹತ್ತು ಜನ ಒಟ್ಟಿಗೆ ದೂಡಿದರೂ ಭಾರ ಹೊರುವುದು ಅದು. ಬಂದೂಕಿನಲ್ಲೂ ಬೇಕಾದ್ದು ಆ ಗುಣವೇ. ಹಾಗಾಗಿ ನನ್ನ ಓಟು ಅಗುಳಿಗೆ. ನಟ್ಟಿನ ಬೋಲ್ಟು ಬೋಲ್ಟಾಗಿಯೇ ಇರಲಿ. ಅದು ಸುತ್ತು ಕೊರೆದ, ಬಿಗಿದಾಗ ತುಸು ಹಿಗ್ಗಿ ಸ್ಪ್ರಿಂಗಿನ ಹಾಗೆ ಎಳೆದು ಹಿಡಿಯುವ ಬೇರೆಯೇ ಜಾತಿ.

ಒಂದೇ ಅಳುಕು: ಪೇಟೆಯಲ್ಲಿ ಬೆಳೆದ ಹುಡುಗರಿಗೆ ಅಗುಳಿ ಗೊತ್ತೇ? ನಮ್ಮ ಮನೆಯ ಕಾಲೇಜು ಹುಡುಗನನ್ನು ಕೇಳಿದೆ. ‘ಅನ್ನದ ಅಗುಳಾ?’ ಎಂದ.

ಇನ್ನೊಂದು ತೊಡಕಿದೆ. ಆ ಉಬ್ಬುಗಳಿಗೆ ಏನು ಹೇಳುವುದು? ಮುಂದಿನ ಪುಟದಲ್ಲೇ ಅವು ಬರುತ್ತವೆ. ಜರ್ಮನರ 1898ರ ಮೌಸರ್ ಬಂದೂಕಿನಲ್ಲಿ ಮುಖ್ಯವಾದ ಎರಡು ಉಬ್ಬುಗಳು ಅಗುಳಿಯ ಮೂತಿಯ ಹತ್ತಿರ ಇವೆ, ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದ ಬ್ರಿಟಿಷರ ಲೀ-ಎನ್‌ಫೀಲ್ಡ್‌ನಲ್ಲಿ ಹಿಂಬದಿಗೆ. ಮೌಸರ್‌ನ ಹಿಡಿ 90 ಡಿಗ್ರಿ ಎತ್ತಬೇಕು, ಎನ್‌ಫೀಲ್ಡ್‌ಗೆ 60 ಸಾಕು, ಎಳೆಯುವ ದೂರವೂ ಕಡಿಮೆ. ಅದಕ್ಕೇ ಎನ್‌ಫೀಲ್ಡ್ ಕೈಗೆ ಬೇಗ. ಕರಡಿನಲ್ಲಿ ‘ಹಲ್ಲು’ ಎಂದಿದೆ. ಹಲ್ಲು ಅಂದರೆ ಗರಗಸವೋ ಗೇರ್ ಚಕ್ರವೋ ಕಾಣುತ್ತದೆ. ಕೊಪ್ಪರಿಗೆಯ ಅಕ್ಕಪಕ್ಕ ಇರುವುದಕ್ಕೆ ಕಿವಿ ಅನ್ನುತ್ತೇವಲ್ಲ, ಹಾಗೆ ‘ಅಗುಳಿಯ ಕಿವಿ’ ಅಂದರೆ ನಡೆದೀತೇ? ಕೋವಿ ರಿಪೇರಿ ಮಾಡುವವರ ಬಾಯಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ಹೇಳಿ, ಅದನ್ನೇ ಹಾಕಿಬಿಡುತ್ತೇನೆ.