ಎಲ್‌ಇಬಿಟಿಯಲ್ಲಿ ಎಮಿಟೆನ್ಸ್ ಚೆನ್ನಾಗಿದ್ದರೂ ಆರ್‌ಎಫ್‌ಕ್ಯೂನಲ್ಲಿ ಬೀಮ್ ಯಾಕೆ ಕಳೆದುಹೋಗುತ್ತದೆ?

ಪ್ರಶ್ನೆ
ಎಲ್‌ಇಬಿಟಿ ಅಂದರೆ ಅಯಾನ್ ಮೂಲದಿಂದ ಮೊದಲ ವೇಗವರ್ಧಕವಾದ ಆರ್‌ಎಫ್‌ಕ್ಯೂವರೆಗೆ ಬೀಮ್ ಒಯ್ಯುವ ಕಡಿಮೆ ಶಕ್ತಿಯ ದಾರಿ; ಎಮಿಟೆನ್ಸ್ ಅಂದರೆ ಬೀಮ್ ಜಾಗದಲ್ಲೂ ಕೋನದಲ್ಲೂ ಎಷ್ಟು ಹರಡಿದೆ ಎಂಬ ಅಳತೆ. ಸ್ವೀಡನ್ನಿನ ಲುಂಡ್‌ನ ಪ್ರೋಟಾನ್ ವೇಗವರ್ಧಕ ಇಎಸ್‌ಎಸ್ ತರಹದ ಮುಂಭಾಗ ಅಂದುಕೊಳ್ಳಿ: ಮೈಕ್ರೋವೇವ್ ಅಯಾನ್ ಮೂಲ, 75 ಕೆಇವಿ ಪ್ರೋಟಾನ್, 70 ಮಿಲಿಆಂಪ್, ಬೀಮ್ ಫೋಕಸ್ ಮಾಡುವ ಎರಡು ಸೋಲೆನಾಯ್ಡ್ (ಸುರುಳಿ ಕಾಂತ), ಆಮೇಲೆ 352.21 ಮೆಗಾಹರ್ಟ್ಸ್ ಆರ್‌ಎಫ್‌ಕ್ಯೂ. ಸೋಲೆನಾಯ್ಡ್‌ಗಳ ನಡುವೆ ಎಮಿಟೆನ್ಸ್ ಅಳೆಯುವ ಆಲಿಸನ್ ಸ್ಕ್ಯಾನರ್ ಒಳ್ಳೆಯ ಎಮಿಟೆನ್ಸ್ ಕೊಡುತ್ತದೆ. ಅದು ಕೊಟ್ಟ ಟ್ವಿಸ್ ಮೌಲ್ಯಗಳಿಂದ (ಬೀಮ್‌ನ ಗಾತ್ರ, ಒಮ್ಮುವಿಕೆ ಹೇಳುವ ಸಂಖ್ಯೆಗಳು) ಲೆಕ್ಕ ಹಾಕಿ ಸೋಲೆನಾಯ್ಡ್ ಕರೆಂಟ್ ಇಟ್ಟರೂ ಟ್ರಾನ್ಸ್‌ಮಿಷನ್ (ಆರ್‌ಎಫ್‌ಕ್ಯೂ ದಾಟುವ ಬೀಮ್‌ನ ಪಾಲು) ಕಡಿಮೆ. ಮೊದಲು ಯಾವುದನ್ನು ಅನುಮಾನಿಸಬೇಕು?

ಉತ್ತರ 1
ಆ 70 ಮಿಲಿಆಂಪನ್ನೇ. ಕರೆಂಟ್ ಅಳೆಯುವ ಫ್ಯಾರಡೆ ಕಪ್‌ನಿಂದ ಸೆಕೆಂಡರಿ ಎಲೆಕ್ಟ್ರಾನ್‌ಗಳು (ಬೀಮ್ ಬಡಿದಾಗ ಹೊರಬೀಳುವವು) ತಪ್ಪಿಸಿಕೊಂಡರೆ ಕಪ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅವನ್ನು ಹಿಂದಕ್ಕೆ ತಳ್ಳುವ ಸಪ್ರೆಸರ್‌ನ ಋಣ ವೋಲ್ಟೇಜ್ ಏರಿಸುತ್ತಾ ಹೋಗಿ, ರೀಡಿಂಗ್ ಸಮತಟ್ಟಾದ ಮೇಲಷ್ಟೇ ನಂಬಿ.

ಇನ್ನೊಂದು, ಮೂಲದಿಂದ ಪ್ರೋಟಾನ್ ಜೊತೆ ಬರುವ ಹೈಡ್ರೋಜನ್ ಅಣು ಅಯಾನ್‌ಗಳಾದ H₂⁺ ಮತ್ತು H₃⁺ ಕೂಡ ಕಪ್‌ಗೆ ಕರೆಂಟೇ. ಅದೇ ಸೋಲೆನಾಯ್ಡ್ ಅವನ್ನು ಪ್ರೋಟಾನ್‌ಗಿಂತ ಕ್ರಮವಾಗಿ ಅರ್ಧ, ಮೂರನೇ ಒಂದು ಪಾಲು ಬಲದಲ್ಲಿ ಮಾತ್ರ ಫೋಕಸ್ ಮಾಡುತ್ತದೆ. ಪಾಲು ತಿಳಿಯಲು 656.28 ನ್ಯಾನೋಮೀಟರ್ ಹೈಡ್ರೋಜನ್ ರೇಖೆಯ ಡಾಪ್ಲರ್ ಪಲ್ಲಟ ನೋಡಿ. ಬೀಮ್ ಅಕ್ಷಕ್ಕೆ 30 ಡಿಗ್ರಿಯಿಂದ ನೋಡಿದರೆ ಪ್ರೋಟಾನ್, H₂⁺, H₃⁺ ಮೂರರ ಪಲ್ಲಟ ಸುಮಾರು 7.2, 5.1, 4.1 ನ್ಯಾನೋಮೀಟರ್. 90 ಡಿಗ್ರಿಯ ಕಿಟಕಿ ಇದಕ್ಕೆ ನಿರುಪಯೋಗಿ.

ಉತ್ತರ 2
ಕರೆಂಟ್ ಸರಿಯಿದ್ದರೆ ಸ್ಪೇಸ್ ಚಾರ್ಜ್ ಕಾಂಪೆನ್ಸೇಷನ್ (ಪ್ರೋಟಾನ್‌ಗಳ ಪರಸ್ಪರ ವಿಕರ್ಷಣೆಯನ್ನು ಎಲೆಕ್ಟ್ರಾನ್‌ಗಳು ತಗ್ಗಿಸುವುದು) ನೋಡಿ; ಮಾದರಿ ಮತ್ತು ಯಂತ್ರ ಬೇರೆಯಾಗುವುದು ಬಹುಪಾಲು ಇಲ್ಲೇ. ಈ ಬೀಮ್‌ನ ನಡುವಿಗೂ ಅಂಚಿಗೂ ಸುಮಾರು 165 ವೋಲ್ಟ್ ಅಂತರ. ಉಳಿಕೆ ಅನಿಲದಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳು ಒಳಗೆ ಸಿಕ್ಕಿಕೊಂಡು ಅದನ್ನು ತಗ್ಗಿಸುತ್ತವೆ. 10⁻⁵ ಮಿಲಿಬಾರ್ ಹೈಡ್ರೋಜನ್‌ನಲ್ಲಿ ಇದಕ್ಕೆ ಹತ್ತಾರು ಮೈಕ್ರೋಸೆಕೆಂಡ್ ಬೇಕು. ಹಾಗಾಗಿ ಪಲ್ಸ್ ಪೂರ್ತಿಯ ಸರಾಸರಿ ಎಮಿಟೆನ್ಸ್ ಬೇಡ, ಕಾಲವಾರು ತುಂಡು ಮಾಡಿ ನೋಡಿ. ಪಲ್ಸ್‌ನ ಭಾಗವನ್ನು ಕತ್ತರಿಸುವ ಚಾಪರ್‌ನ ವೋಲ್ಟೇಜ್ ಎಲೆಕ್ಟ್ರಾನ್‌ಗಳನ್ನು ಗುಡಿಸಿಹಾಕುವುದರಿಂದ ಅದಾದ ಮೇಲೂ ಇದೇ ಲೆಕ್ಕ.

ಆರ್‌ಎಫ್‌ಕ್ಯೂ ಬಾಯಿಯಲ್ಲಿ ಎಲೆಕ್ಟ್ರಾನ್‌ಗಳನ್ನು ತಡೆಯುವ ರಿಪೆಲರ್ ದಾಟಿದ ಕೊನೆಯ ಕೆಲವು ಸೆಂಟಿಮೀಟರ್‌ನಲ್ಲಿ ಕಾಂಪೆನ್ಸೇಷನ್ ಇಲ್ಲವೇ ಇಲ್ಲ ಅನ್ನಬಹುದು. ಮಾದರಿಯಲ್ಲಿ ಎಲ್ಲೆಡೆ ಒಂದೇ ಶೇಕಡಾ ಹಾಕಿದ್ದರೆ ಟ್ವಿಸ್ ತಪ್ಪಿದ್ದು ಅಲ್ಲೇ. ಸ್ಕ್ಯಾನರ್ ಒಳಗಿಟ್ಟಾಗ ಅದರಿಂದಲೂ ಎಲೆಕ್ಟ್ರಾನ್, ಅನಿಲ ಬರುತ್ತವೆ. ಅಳೆದ ಬೀಮ್ ಮುಂದೆ ಹೋಗುವ ಬೀಮ್ ಅಲ್ಲ ಎಂಬುದನ್ನು ಮರೆಯಬೇಡಿ.

ಫ್ರಾನ್ಸಿನ ಸಾಕ್ಲೇಯ ಅಯಾನ್ ಮೂಲ ಸಿಲ್ಹಿಯಲ್ಲಿ ಕ್ರಿಪ್ಟಾನ್ ಅನಿಲ ಬಿಟ್ಟಾಗ ಎಮಿಟೆನ್ಸ್ ಇಳಿದಿತ್ತು. ಆದರೆ ಅನಿಲ ಜಾಸ್ತಿಯಾದರೆ ಪ್ರೋಟಾನ್‌ಗಳು ಎಲೆಕ್ಟ್ರಾನ್ ಹಿಡಿದು ತಟಸ್ಥವಾಗಿ ನಷ್ಟವಾಗುತ್ತವೆ.

ಪ್ರಶ್ನೆ ಕೇಳಿದವರು
ಹಾಗಾದರೆ ಎರಡೂ ಸೋಲೆನಾಯ್ಡ್ ಬದಲಿಸುತ್ತಾ ಟ್ರಾನ್ಸ್‌ಮಿಷನ್ ನಕ್ಷೆ ಮಾಡಿ, ಶಿಖರದಲ್ಲಿ ನಿಲ್ಲಿಸಿದರೆ ಸಾಕೇ?

ಉತ್ತರ 3
ನಕ್ಷೆ ಮಾಡಲೇಬೇಕು, ಆದರೆ ಮೊದಲು ಸ್ಟೀರರ್ (ಬೀಮ್‌ನ ದಿಕ್ಕು ತಿದ್ದುವ ಕಾಂತ) ಸರಿಮಾಡಿ. ಸೋಲೆನಾಯ್ಡ್ ಕರೆಂಟ್ ಬದಲಿಸಿದಾಗ ಬೀಮ್ ಕೇಂದ್ರ ಸರಿದರೆ ಅದು ಅಕ್ಷದ ಮೇಲಿಲ್ಲ, ಆ ಸ್ಥಿತಿಯಲ್ಲಿ ಮಾಡಿದ ನಕ್ಷೆ ದಾರಿ ತಪ್ಪಿಸುತ್ತದೆ. ಶಿಖರವನ್ನೂ ಹಾಗೇ ನಂಬಬೇಡಿ: ಆರ್‌ಎಫ್‌ಕ್ಯೂ ಹಿಡಿಯದ ಕಡಿಮೆ ಶಕ್ತಿಯ ಕಣಗಳೂ ಸ್ವಲ್ಪ ದಾಟಿ ಕರೆಂಟ್ ಮಾನಿಟರ್‌ನಲ್ಲಿ ಲೆಕ್ಕಕ್ಕೆ ಸೇರುತ್ತವೆ. ಆರ್‌ಎಫ್‌ಕ್ಯೂ ಆಚೆಗಿನ ದಾರಿಯಾದ ಎಂಇಬಿಟಿಯ ಕ್ವಾಡ್ರುಪೋಲ್ ಕಾಂತಗಳ ನಂತರದ ಮಾನಿಟರ್ ಓದಿ. ಶಿಖರದ ಸುತ್ತ ಮೂರ್ನಾಲ್ಕು ಬಿಂದುಗಳಲ್ಲಿ ಎಂಇಬಿಟಿ ಎಮಿಟೆನ್ಸ್ ಅಳೆದು, ಕರೆಂಟ್ ತುಸು ಬಿಟ್ಟುಕೊಟ್ಟರೂ ಸರಿ, ಹೇಲೋ (ಬೀಮ್ ಸುತ್ತ ಹರಡಿದ ವಿರಳ ಕಣಗಳು) ಕಡಿಮೆ ಇರುವುದನ್ನೇ ಆರಿಸಿ.

ಎಮಿಟೆನ್ಸ್ ಲೆಕ್ಕಕ್ಕೆ ಮುಂಚೆ ಹಿನ್ನೆಲೆ ಆಫ್‌ಸೆಟ್ ಕಳೆಯಿರಿ. ಚಿಕ್ಕ ಆಫ್‌ಸೆಟ್ ಆದರೂ ಸ್ಕ್ಯಾನಿನ ಅಂಚಿನಲ್ಲಿ ದೂರದ ವರ್ಗದಿಂದ ಗುಣಿಸಿಕೊಂಡು ಆರ್‌ಎಂಎಸ್ (ವರ್ಗಗಳ ಸರಾಸರಿಯ ಮೂಲ) ಎಮಿಟೆನ್ಸ್ ಮೌಲ್ಯವನ್ನು ಊದಿಸುತ್ತದೆ.