‘ಹೌಸ್ ಆಫ್ ಲೀವ್ಸ್’: ಒಂಬತ್ತನೆಯ ಅಧ್ಯಾಯದಲ್ಲಿ ಓದು ನಿಂತರೆ ತಪ್ಪು ಯಾರದ್ದು?

ಅರ್ಧದಾರಿ: ಮಾರ್ಕ್ ಡೇನಿಯೆಲೆವ್‌ಸ್ಕಿಯವರ ಈ ಕಾದಂಬರಿ 2000ನೇ ಇಸವಿಯದು. ಮೊದಲ ನೂರು ಪುಟಗಳನ್ನು ಎರಡೇ ರಾತ್ರಿಯಲ್ಲಿ ಓದಿದ ನಾನು ಒಂಬತ್ತನೆಯ ಅಧ್ಯಾಯಕ್ಕೆ ಬಂದು ಒಂದು ತಿಂಗಳಿನಿಂದ ನಿಂತುಬಿಟ್ಟಿದ್ದೇನೆ. ಮನೆಯ ಒಳಗಿನ ಅಳತೆ ಹೊರಗಿನ ಅಳತೆಗಿಂತ ಕಾಲು ಇಂಚು ಹೆಚ್ಚು ಎಂಬ ಒಂದೇ ವಿವರಕ್ಕೆ ಮೈ ಜುಮ್ಮೆಂದಿತ್ತು. ಈಗ ನೋಡಿದರೆ ಪುಟದ ನಡುವಿನ ಚೌಕದೊಳಗೆ ಆ ಮನೆಯಲ್ಲಿ ಏನೇನು ಇಲ್ಲವೆಂಬ ಪಟ್ಟಿ; ಹಾಳೆ ಮಗುಚಿದರೆ ಅದೇ ಪಟ್ಟಿ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಅಚ್ಚಾಗಿದೆ. ಇದರಲ್ಲಿ ಭಯವೆಲ್ಲಿದೆ? ಓದಿಸಿಕೊಂಡು ಹೋಗುವ ಹೊಣೆ ಬರೆದವರದ್ದಲ್ಲವೇ?

ಚಕ್ರವ್ಯೂಹ: ಆ ಮನೆಯೊಳಗನ್ನು ಶೋಧಿಸಲು ಹೋದ ಹಾಲೊವೇಯ ತಂಡ ಕತ್ತಲ ಹಜಾರಗಳಲ್ಲಿ ದಾರಿ ತಪ್ಪುವಾಗ ಓದುವವರೂ ಅಡಿಟಿಪ್ಪಣಿಗಳಲ್ಲಿ ದಾರಿ ತಪ್ಪಲೆಂದೇ ಆ ಪುಟಗಳನ್ನು ಹಾಗೆ ಕಟ್ಟಲಾಗಿದೆ. ಅಲ್ಲಿ ನಿಂತುಬಿಡುವುದು ಪುಸ್ತಕದ ದೋಷವಲ್ಲ, ಓದಿನ ಶಿಸ್ತಿನ ಕೊರತೆ.

ನಿಶಾಚರಿ: ಶಿಸ್ತು ಎಂಬ ಮಾತನ್ನು ದಯವಿಟ್ಟು ಇಲ್ಲಿಗೆ ತರಬೇಡಿ, ನಾವು ಪರೀಕ್ಷೆಗೆ ಓದುತ್ತಿಲ್ಲ. ನಾನು ಪಟ್ಟಿಗಳನ್ನೂ ಆ ಮನೆಯ ಬಗ್ಗೆ ಜಾಂಪನೊ ಎಂಬ ಮುದುಕ ಬರೆದಿಟ್ಟ ಹಸ್ತಪ್ರತಿಗೆ ಜಾನಿ ಟ್ರೂಅಂಟ್ ಸೇರಿಸಿದ ಟಿಪ್ಪಣಿಗಳನ್ನೂ ಬಿಟ್ಟು, ಅಲ್ಲಿ ವಾಸಿಸುವ ನೇವಿಡ್ಸನ್ ಸಂಸಾರದ ಕಥೆಯನ್ನಷ್ಟೇ ಹಿಡಿದು ಓದಿ ಕಾದಂಬರಿಯನ್ನು ಪೂರ್ತಿ ಮುಗಿಸಿದೆ. ಭಯಕ್ಕೇನೂ ಕೊರತೆಯಾಗಲಿಲ್ಲ.

ಚಕ್ರವ್ಯೂಹ: ‘ಪೂರ್ತಿ ಮುಗಿಸಿದೆ’ ಎಂದು ಹೇಗೆ ಹೇಳುತ್ತೀರಿ? ನೇವಿಡ್ಸನ್ ಮನೆಯ ಹೀಟರ್ ಕೆಟ್ಟಿದೆಯೆಂಬ ಸಾಲಿನಲ್ಲಿ ‘ನೀರಿನ’ ಎಂಬ ಪದವನ್ನು ತಾನೇ ಸೇರಿಸಿದ್ದಾಗಿಯೂ, ತನಗೆ ಬಿಸಿನೀರು ಸಿಗದಿದ್ದುದೇ ಅದಕ್ಕೆ ಕಾರಣವೆಂದೂ ಜಾನಿ ಒಪ್ಪಿಕೊಳ್ಳುವುದು ಟಿಪ್ಪಣಿಯಲ್ಲೇ. ಅದನ್ನು ಬಿಟ್ಟವರಿಗೆ, ತಾವು ನಂಬಿ ಓದುತ್ತಿರುವ ಕಥೆಯಲ್ಲಿ ಇನ್ನೊಬ್ಬರ ಕೈಯಾಡಿದೆಯೆಂಬ ಅನುಮಾನವೇ ಹುಟ್ಟುವುದಿಲ್ಲ.

ನಿಶಾಚರಿ: ಅನುಮಾನದ ಮಾತಿರಲಿ. 72ನೆಯ ಪುಟದ ಟಿಪ್ಪಣಿ ನೋಡಿ. ಜಾನಿಯ ಹಿಂದಿನ ಬದುಕನ್ನು ತಿಳಿಯಬಯಸುವವರು ನೇರವಾಗಿ ಅನುಬಂಧಕ್ಕೆ ಹೋಗಿ ಅಲ್ಲಿರುವ ಅವನ ತಾಯಿಯ ಪತ್ರಗಳನ್ನು ಓದಬಹುದೆಂದು ಪುಸ್ತಕದ ‘ಸಂಪಾದಕರೇ’ ಸೂಚಿಸುತ್ತಾರೆ. ಪುಟ ಹಾರಿಸಲು ಪುಸ್ತಕವೇ ಒಪ್ಪಿಗೆ ಕೊಟ್ಟಿರುವಾಗ ನಿಮ್ಮ ತಕರಾರೇನು?

ಚಕ್ರವ್ಯೂಹ: ಮುಂದಕ್ಕೆ ಹೋಗಿ ಓದಿ ಹಿಂದಿರುಗುವುದು ಬೇರೆ, ಓದದೆಯೇ ಬಿಡುವುದು ಬೇರೆ. ಜಾನಿಯ ಟಿಪ್ಪಣಿಗಳನ್ನೆಲ್ಲ ಬಿಟ್ಟವರು ಅವನ ತಾಯಿಯ ಪತ್ರಗಳನ್ನು ಸಾಕ್ಷಿಗೆ ಕರೆಯುವುದು ಯಾವ ನ್ಯಾಯ?

ನಿಶಾಚರಿ: ನಿಮ್ಮನ್ನು ನ್ಯಾಯಪೀಠದಲ್ಲಿ ಕೂರಿಸಿದವರು ಯಾರು? ಜಾಂಪನೊ, ಜಾನಿ, ಸಂಪಾದಕರು, ಹೀಗೆ ಮೂವರಿಗೂ ಬೇರೆ ಬೇರೆ ಅಕ್ಷರಶೈಲಿ ಕೊಟ್ಟಿರುವುದೇ, ಯಾರ ದನಿಯನ್ನು ಹಿಡಿಯಬೇಕೆಂದು ಓದುವವರು ಆರಿಸಿಕೊಳ್ಳಲಿ ಎಂದು. ನಾನು ಆರಿಸಿಕೊಂಡೆ, ಅಷ್ಟೇ.

ಚಕ್ರವ್ಯೂಹ: ಮೂರು ಶೈಲಿ ಇರುವುದು ಯಾರು ಮಾತಾಡುತ್ತಿದ್ದಾರೆಂದು ಗುರುತಿಸಲು, ಅವರ ಬಾಯಿ ಮುಚ್ಚಿಸಲು ಅಲ್ಲ.

ಕೊನೆಪುಟ: ಅವರು ಕೇಳಿದ್ದು ಓದಿನ ಓಟದ ಬಗ್ಗೆ, ನೀವಿಬ್ಬರೂ ಟಿಪ್ಪಣಿಯಲ್ಲೇ ಸಿಕ್ಕಿಕೊಂಡಿದ್ದೀರಿ. ಮುಂದಿನ ಅಧ್ಯಾಯದಲ್ಲಿ ಎಷ್ಟೋ ಪುಟಗಳಲ್ಲಿ ಕೆಲವೇ ಪದಗಳಿದ್ದು, ಉಸಿರು ಬಿಗಿಹಿಡಿದು ಹಾಳೆ ಮಗುಚುತ್ತ ಹೋಗುತ್ತೇವೆ. ಮೊದಲು ಕಾಯಿಸಿದ್ದರಿಂದಲೇ ಆ ಓಟಕ್ಕೆ ಅಷ್ಟು ಬಲ ಬಂದಿದೆ. ಕೊನೆಯ ಭಾಗದಲ್ಲಂತೂ ನೇವಿಡ್ಸನ್ ಕತ್ತಲಲ್ಲಿ ಒಬ್ಬನೇ ಕುಳಿತು, ಓದಿದ ಹಾಳೆಯನ್ನೇ ಸುಟ್ಟು ಅದರ ಬೆಳಕಿನಲ್ಲಿ ಮುಂದಿನ ಹಾಳೆಯನ್ನು ಓದುತ್ತಾನೆ.

ಅರ್ಧದಾರಿ: ಅಲ್ಲಿಗೆ ತಲುಪದವನ ಮುಂದೆ ಅದನ್ನು ಹೇಳಬೇಕಿತ್ತೇ? ನನಗೆ ನಿಜಕ್ಕೂ ನೋವಾಯಿತು. ‘ಕಾಯಿಸಿದ್ದರಿಂದಲೇ’ ಎಂಬ ಮಾತನ್ನೂ ಒಪ್ಪಲಾರೆ. ನಲವತ್ತಕ್ಕೂ ಹೆಚ್ಚು ಪುಟ ಕಾಯಿಸಿದರೆ ಕಾದವರು ಎದ್ದು ಹೋಗುತ್ತಾರೆ. ತಾಯಿಯ ಪತ್ರಗಳನ್ನು ಈ ರಾತ್ರಿ ಓದುತ್ತೇನೆ. ಚೌಕದೊಳಗಿನ ಪಟ್ಟಿಯನ್ನು ಮಾತ್ರ ಓದುವುದಿಲ್ಲ.

ಚಕ್ರವ್ಯೂಹ: ಹಾಗಾದರೆ ಆ ಅಧ್ಯಾಯವನ್ನು ಓದಿದ್ದೇನೆಂದು ಹೇಳಬೇಡಿ.